ಅತ್ತೆ ಮೈ ಉರಿ ಅಂತಾರೆ, ನಾದಿನಿ ಡಿಪ್ರೆಶನ್ ಅಂತಾಳೆ: ಯಾರ ಮಾತು ಕೇಳಬೇಕು?

ಪ್ರಶ್ನೆ: ನಮ್ಮ ಅತ್ತೆಗೆ 63 ವರ್ಷ. ಮಾವ ತೀರಿಕೊಂಡ ಮೇಲೆ ಮೈಯೆಲ್ಲ ಉರಿ, ತಲೆ ಭಾರ, ಎದೆ ಡವಡವ ಅಂತಾರೆ. ರಾತ್ರಿ ನಿದ್ದೆ ಇಲ್ಲ, ಊಟ ಸೇರುವುದಿಲ್ಲ. ಸ್ಕ್ಯಾನ್, ಇಸಿಜಿ ಮಾಡಿಸಿದೆವು, ನಾರ್ಮಲ್ ಬಂತು. ಅಮೆರಿಕದಲ್ಲಿರುವ ನಾದಿನಿ ವಿಡಿಯೋ ಕಾಲ್‌ನಲ್ಲಿ ನೋಡಿ ‘ಇದು ಡಿಪ್ರೆಶನ್, ಸೈಕಿಯಾಟ್ರಿಸ್ಟ್ ಹತ್ತಿರ ಕರೆದುಕೊಂಡು ಹೋಗಿ’ ಅಂದಳು. ಅದನ್ನು ಕೇಳಿ ಅತ್ತೆ ‘ನನಗೇನು ಹುಚ್ಚಾ?’ ಅಂತ ಸಿಟ್ಟಾದರು. ಊರಿನವರು ಗಾಳಿ ಸೋಕಿದೆ, ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ಅಂತಿದ್ದಾರೆ. ಒಂದೇ ಕಾಯಿಲೆ ಅಮೆರಿಕದಲ್ಲಿ ಒಂದು ಥರ, ನಮ್ಮಲ್ಲಿ ಇನ್ನೊಂದು ಥರ ಇರುತ್ತಾ? ನಾವು ಯಾರ ಮಾತು ಕೇಳಬೇಕು?
(ಹೆಸರು ಬೇಡ, ಹಾಸನ ಜಿಲ್ಲೆ)

ಉತ್ತರ: ಮೊದಲು ಮೈಯ ವಿಷಯ ಮುಗಿಸೋಣ. ಸ್ಕ್ಯಾನ್, ಇಸಿಜಿ ನಾರ್ಮಲ್ ಬಂದ ಮಾತ್ರಕ್ಕೆ ಮೈಯಲ್ಲಿ ಏನೂ ಇಲ್ಲ ಅಂತ ಹೇಳುವ ಹಾಗಿಲ್ಲ. ಥೈರಾಯ್ಡ್, ಸಕ್ಕರೆ, ಹಿಮೋಗ್ಲೋಬಿನ್, ವಿಟಮಿನ್ ಬಿ12, ಇಷ್ಟು ರಕ್ತ ಪರೀಕ್ಷೆ ಆಗಿದೆಯಾ ನೋಡಿ. ಬಿ12 ಕಡಿಮೆಯಾದರೆ ಕೈಕಾಲು ಉರಿ, ಸುಸ್ತು, ಮಂಕು ಎಲ್ಲ ಬರಬಹುದು. ಸಸ್ಯಾಹಾರಿಗಳಲ್ಲಿ ಇದು ಅಪರೂಪವಲ್ಲ. ವರ್ಷಗಟ್ಟಲೆ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುವವರಲ್ಲೂ ಕಾಣುತ್ತದೆ. ಥೈರಾಯ್ಡ್ ಕಡಿಮೆಯಾದರಂತೂ ನೋಡುವುದಕ್ಕೆ ಖಿನ್ನತೆಯ ಥರವೇ ಇರುತ್ತದೆ. ಮನೋವೈದ್ಯನಾಗಿ ನಾನೇ ಇದನ್ನು ಮೊದಲು ಹೇಳುತ್ತಿದ್ದೇನೆ. ‘ಏನಿಲ್ಲಮ್ಮ, ಎಲ್ಲಾ ಟೆನ್ಷನ್’ ಅಂತ ಹೇಳಿ ವಯಸ್ಸಾದ ಹೆಂಗಸರನ್ನು ಮನೆಗೆ ಕಳಿಸಿಬಿಡುವುದನ್ನು ಬಹಳ ನೋಡಿದ್ದೇನೆ.

ಅವೆಲ್ಲ ಸರಿ ಇದ್ದರೆ, ನೀವು ಬರೆದಿರುವುದು ಖಿನ್ನತೆಗೆ ಹತ್ತಿರ ಇದೆ. ಪತ್ರ ಓದಿ ಅದೇ ಅಂತ ತೀರ್ಮಾನ ಮಾಡಲು ಆಗುವುದಿಲ್ಲ, ಆದರೆ ನಾದಿನಿಯ ಊಹೆ ಸುಮ್ನೆ ಹುಟ್ಟಿದ್ದಲ್ಲ. ಹಾಗಂತ ಅತ್ತೆ ಹೇಳುತ್ತಿರುವುದೂ ಸುಳ್ಳಲ್ಲ. ಅವರಿಗೆ ಮೈ ಉರಿಯುತ್ತಿರುವುದು ನಿಜ. ಅದರ ಜೊತೆಗೆ ಇನ್ನೇನೋ ಇರಬಹುದು, ಅದನ್ನು ಅವರು ಹೇಳುತ್ತಿಲ್ಲ. ಯಾಕೆ ಹೇಳುತ್ತಿಲ್ಲ ಅನ್ನುವುದು ಗೊತ್ತಾದರೆ ನಿಮ್ಮ ದೊಡ್ಡ ಪ್ರಶ್ನೆಗೂ, ಅಂದರೆ ದೇಶ ಬದಲಾದರೆ ಕಾಯಿಲೆಯೂ ಬದಲಾಗುತ್ತಾ ಅನ್ನುವುದಕ್ಕೂ, ಉತ್ತರ ಸಿಗುತ್ತದೆ.

ಇದಕ್ಕೆ ಬೆಂಗಳೂರಿನದೇ ಒಂದು ಅಧ್ಯಯನ ಇದೆ. ನಿಮ್ಹಾನ್ಸ್‌ನಲ್ಲಿ ಆರ್. ರಘುರಾಮ್, ಮಿಚೆಲ್ ವೈಸ್ ಮತ್ತು ಅವರ ಜೊತೆಯವರು ಹೊರರೋಗಿಗಳಾಗಿ ಬಂದಿದ್ದ 80 ಜನರನ್ನು ವಿವರವಾಗಿ ಮಾತಾಡಿಸಿದರು. ಅದು ಪ್ರಕಟವಾಗಿದ್ದು 1996ರಲ್ಲಿ. ನಿಮ್ಮ ತೊಂದರೆ ಬೇರೆಯವರಿಗೆ ಗೊತ್ತಾದರೆ ಏನಾಗುತ್ತದೆ, ಮರ್ಯಾದೆ ಹೋಗುತ್ತದಾ, ಮನೆಯಲ್ಲಿ ಮದುವೆ ಸಂಬಂಧಕ್ಕೆ ಅಡ್ಡಿಯಾಗುತ್ತದಾ, ಯಾರಿಗೂ ಹೇಳದೆ ಮುಚ್ಚಿಡುತ್ತೀರಾ, ಇಂಥ ಪ್ರಶ್ನೆಗಳು. ಬೇಸರ, ದುಃಖ ಜಾಸ್ತಿ ಇದ್ದವರಲ್ಲಿ ಈ ನಾಚಿಕೆ, ಅಂಜಿಕೆಯೂ ಜಾಸ್ತಿ ಇತ್ತು. ಮೈಕೈ ನೋವು, ಉರಿ, ಸುಸ್ತು ಜಾಸ್ತಿ ಇದ್ದವರಲ್ಲಿ ಅದು ಕಡಿಮೆ ಇತ್ತು. ನೋವು ಎಲ್ಲರಿಗೂ ಒಂದಲ್ಲ ಒಂದು ದಿನ ಬರುತ್ತದೆ, ಅದರಲ್ಲಿ ನಾಚಿಕೆ ಏನು? ಆದರೆ ‘ಬದುಕುವುದೇ ಬೇಡ ಅನ್ನಿಸುತ್ತಿದೆ’ ಅಂದರೆ ಜನ ಬೇರೆ ಥರ ನೋಡುತ್ತಾರೆ.

ಮನೆಯಲ್ಲಿ ಹೆಣ್ಣುಮಕ್ಕಳ ಮದುವೆ ಆಗಬೇಕಿದ್ದಾಗ ತಾಯಿ ‘ತಲೆನೋವು’ ಅಂತ ಡಾಕ್ಟರ್ ಹತ್ತಿರ ಹೋಗಬಹುದು. ‘ಮನಸ್ಸು ಸರಿಯಿಲ್ಲ’ ಅಂತ ಹೋದರೆ ಮೂರನೇ ದಿನಕ್ಕೆ ಬೀಗರ ಕಡೆಯವರಿಗೆ ಸುದ್ದಿ ಮುಟ್ಟಿರುತ್ತದೆ. ಜನ ಯಾವುದನ್ನು ಹೇಳಿಕೊಂಡರೆ ತಮಗೂ ಮನೆಯವರಿಗೂ ನಷ್ಟ ಕಡಿಮೆಯೋ ಅದನ್ನೇ ಹೇಳಿಕೊಳ್ಳುತ್ತಾರೆ. ಅದನ್ನು ಕೂತು ಲೆಕ್ಕ ಹಾಕಿ ಮಾಡುವುದೇನಿಲ್ಲ. ಚಿಕ್ಕಂದಿನಿಂದ ನೋಡಿ ನೋಡಿ ಕಲಿತಿರುತ್ತೇವೆ. ಮನಸ್ಸಿನ ಕಾಯಿಲೆಯ ಮೇಲೆ ಸಂಸ್ಕೃತಿಯ ಪ್ರಭಾವ ಅಂದಾಗ ಜನ ದೆವ್ವ, ಮಾಟ, ಮಂತ್ರ ಅಂತ ಯೋಚಿಸುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಈ ಲಾಭ ನಷ್ಟದ ವಿಷಯ. ಒಂದು ಸಮಾಜದಲ್ಲಿ ಯಾವ ಸಂಕಟವನ್ನು ಬಾಯಿಬಿಟ್ಟು ಹೇಳಬಹುದು, ಯಾವುದನ್ನು ನುಂಗಿಕೊಳ್ಳಬೇಕು ಅನ್ನುವುದು.

ಇದನ್ನು ಕೇಳಿದ ಕೂಡಲೇ ಕೆಲವರು ‘ಹೌದು ಬಿಡಿ, ವಿದೇಶದವರು ಮನಸ್ಸಿನ ಮಾತು ಆಡುತ್ತಾರೆ, ನಮ್ಮವರು ಮೈಯ ಮಾತು ಆಡುತ್ತಾರೆ’ ಅಂತ ಷರಾ ಬರೆದುಬಿಡುತ್ತಾರೆ. ನಮ್ಮ ಪಠ್ಯಪುಸ್ತಕಗಳಲ್ಲೂ ಬಹಳ ವರ್ಷ ಹಾಗೇ ಇತ್ತು. ಅದು ಪೂರ್ತಿ ನಿಜವಲ್ಲ. ವಿಶ್ವ ಆರೋಗ್ಯ ಸಂಸ್ಥೆ 14 ದೇಶಗಳ 15 ಕಡೆ ಸಾಮಾನ್ಯ ಕ್ಲಿನಿಕ್‌ಗಳಿಗೆ ಬರುವ ರೋಗಿಗಳನ್ನು ಪರೀಕ್ಷಿಸಿತು. ಬೆಂಗಳೂರು ಅದರಲ್ಲಿ ಒಂದು. ಸಿಯಾಟಲ್, ಪ್ಯಾರಿಸ್, ಬರ್ಲಿನ್, ಶಾಂಘೈ, ನಾಗಾಸಾಕಿ ಕೂಡ ಇದ್ದವು. 1999ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಖಿನ್ನತೆ ಇದ್ದವರಲ್ಲಿ ಶೇ 69 ಮಂದಿ ಡಾಕ್ಟರ್ ಹತ್ತಿರ ಬಂದು ಹೇಳಿದ್ದು ಬರೀ ಮೈಯ ತೊಂದರೆಗಳನ್ನು. ಇದು ಒಂದು ಊರಿನಲ್ಲಿ ಶೇ 45 ಇದ್ದರೆ ಇನ್ನೊಂದು ಊರಿನಲ್ಲಿ ಶೇ 95. ಅಂದರೆ ಎಲ್ಲಾ ಕಡೆ ಜನ ಮೈಯ ಮಾತನ್ನೇ ಮೊದಲು ಆಡುತ್ತಾರೆ, ಪ್ರಮಾಣ ಮಾತ್ರ ಬೇರೆ.

ಅದೇ ಅಧ್ಯಯನದ ಇನ್ನೊಂದು ಅಂಶ ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ‘ಮನಸ್ಸಿಗೆ ಬೇಜಾರು ಇದೆಯಾ, ಯಾವುದರಲ್ಲೂ ಆಸಕ್ತಿ ಇಲ್ಲವಾ’ ಅಂತ ನೇರವಾಗಿ ಕೇಳಿದಾಗ ಇಲ್ಲ ಅಂದವರು ಶೇ 11 ಮಾತ್ರ. ಉಳಿದವರೆಲ್ಲ ಒಪ್ಪಿಕೊಂಡರು. ಯಾರೂ ಕೇಳಿರಲಿಲ್ಲ, ಅಷ್ಟೇ. ಪ್ರತಿ ಸಲವೂ ಒಬ್ಬರೇ ಪರಿಚಯದ ಡಾಕ್ಟರ್ ಸಿಗುವ ವ್ಯವಸ್ಥೆ ಇಲ್ಲದ ಕಡೆ ಜನ ಮೈಯ ಮಾತನ್ನೇ ಜಾಸ್ತಿ ಆಡಿದ್ದರು. ನಮ್ಮ ಸರ್ಕಾರಿ ಆಸ್ಪತ್ರೆಯ ಒಪಿಡಿ ನೆನಪಿಸಿಕೊಳ್ಳಿ. ಚೀಟಿ ಮಾಡಿಸಿ, ಕ್ಯೂ ನಿಂತು, ಒಳಗೆ ಹೋದರೆ ಎರಡು ನಿಮಿಷ. ಹಿಂದೆ ನಾಲ್ಕು ಜನ ನಿಂತು ಕೇಳಿಸಿಕೊಳ್ಳುತ್ತಿರುತ್ತಾರೆ. ಅಲ್ಲಿ ಯಾರು ತಾನೇ ಗಂಡ ಸತ್ತ ದುಃಖ ಹೇಳಿಕೊಳ್ಳುತ್ತಾರೆ?

ನಷ್ಟ ಅಂದರೆ ಬರೀ ಮರ್ಯಾದೆಯ ಪ್ರಶ್ನೆಯೂ ಅಲ್ಲ. ಚೀನಾದಲ್ಲಿ ಇದು ರಾಜಕೀಯವಾಗಿತ್ತು. 1980ರಲ್ಲಿ ಅಮೆರಿಕದ ಮನೋವೈದ್ಯ, ಮಾನವಶಾಸ್ತ್ರಜ್ಞ ಆರ್ಥರ್ ಕ್ಲೈನ್‌ಮನ್ ಹುನಾನ್ ಪ್ರಾಂತ್ಯದ ಚಾಂಗ್‌ಶಾ ನಗರದ ಆಸ್ಪತ್ರೆಗೆ ಹೋದರು. ಅಲ್ಲಿ ಖಿನ್ನತೆ ಅನ್ನುವ ರೋಗನಿರ್ಣಯ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಇತ್ತು. ಬದಲಿಗೆ ಎಲ್ಲರಿಗೂ ನ್ಯೂರಸ್ತೇನಿಯಾ, ಅಂದರೆ ನರಗಳ ದುರ್ಬಲತೆ. ತಲೆನೋವು, ನಿದ್ದೆ ಇಲ್ಲ, ಸುಸ್ತು, ತಲೆಸುತ್ತು. ಕ್ಲೈನ್‌ಮನ್ ಇಂಥ 100 ಜನರನ್ನು ಅಮೆರಿಕದ ಮಾನದಂಡದಿಂದ ಅಳೆದಾಗ 87 ಮಂದಿಯಲ್ಲಿ ತೀವ್ರ ಖಿನ್ನತೆಯ ಲಕ್ಷಣ ಇದ್ದವು. ಕಥೆ ಕೇಳುತ್ತಾ ಹೋದರೆ ಮಾವೋ ನಡೆಸಿದ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಬೀದಿಯಲ್ಲಿ ಅವಮಾನ ಆದವರು, ಮನೆಯವರಿಂದ ಬೇರೆಯಾಗಿ ದೂರದ ಹಳ್ಳಿಗೆ ಅಟ್ಟಲ್ಪಟ್ಟವರು. ಆ ಕಾಲದಲ್ಲಿ ‘ನನಗೆ ನಿರಾಸೆ ಆಗಿದೆ’ ಅಂದರೆ ಕ್ರಾಂತಿಯ ಮೇಲೆ ನಂಬಿಕೆ ಇಲ್ಲ ಅಂತ ಅರ್ಥ ಹಚ್ಚುತ್ತಿದ್ದರು. ನರ ದುರ್ಬಲ ಆಗಿದೆ ಅಂದರೆ ರಜೆಯೂ ಸಿಗುತ್ತಿತ್ತು, ಯಾರ ಸಂಶಯವೂ ಬರುತ್ತಿರಲಿಲ್ಲ.

ಆದರೆ ಈ ನರ ದುರ್ಬಲತೆ ಚೀನಾದ ಹಳೇ ಕಾಯಿಲೆ ಅಂದುಕೊಳ್ಳಬೇಡಿ. ಅದನ್ನು ಜನಪ್ರಿಯ ಮಾಡಿದ್ದು ನ್ಯೂಯಾರ್ಕಿನ ಜಾರ್ಜ್ ಬಿಯರ್ಡ್ ಅನ್ನುವ ಡಾಕ್ಟರ್, 1869ರಲ್ಲಿ. ರೈಲು, ಟೆಲಿಗ್ರಾಫ್, ಓಡುವ ಜೀವನದಿಂದ ಅಮೆರಿಕದ ಓದಿದ ಜನರ ನರಗಳು ಬಳಲಿವೆ ಅಂತ ಅವರ ವಾದ. ಆಗ ಅದು ಅಲ್ಲಿನ ದೊಡ್ಡ ಮನೆಯವರ ಗೌರವದ ಕಾಯಿಲೆ. ಅಲ್ಲಿಂದ ಅದು ಏಷ್ಯಾಕ್ಕೆ ಬಂತು. 1980ರಲ್ಲಿ ಅಮೆರಿಕದವರು ತಮ್ಮ ಮಾನಸಿಕ ರೋಗಪಟ್ಟಿಯ (ಡಿಎಸ್ಎಂ) ಮೂರನೇ ಆವೃತ್ತಿಯಿಂದ ಅದನ್ನು ತೆಗೆದರು. ಆಮೇಲೆ ಅದೇ ಅಮೆರಿಕದವರಿಗೆ ಅದು ‘ಚೀನೀಯರ ಸಂಸ್ಕೃತಿಗೆ ಸೇರಿದ ವಿಚಿತ್ರ ಕಾಯಿಲೆ’ಯಾಗಿ ಕಾಣಿಸತೊಡಗಿತು! ನಮ್ಮಲ್ಲಿ ಹುಡುಗರು ‘ಧಾತು ಹೋಗಿ ನಿಶ್ಶಕ್ತಿ ಆಗಿದೆ’ ಅಂತ ಹೆದರಿ ಬರುತ್ತಾರಲ್ಲ, ಅದಕ್ಕೂ ಹೀಗೇ ಆಯಿತು. ಭಾರತದ ವಿಶೇಷ ಕಾಯಿಲೆ ಅಂತ ಪುಸ್ತಕದಲ್ಲಿ ಸೇರಿಸಿದರು. 18, 19ನೇ ಶತಮಾನದ ಯುರೋಪಿನ ಡಾಕ್ಟರ್‌ಗಳು ವೀರ್ಯನಷ್ಟದಿಂದ ಕುರುಡು, ಹುಚ್ಚು, ಸಾವು ಎಲ್ಲ ಬರುತ್ತದೆ ಅಂತ ಗಂಭೀರವಾಗಿ ಬರೆದಿದ್ದರು. ಅದನ್ನು ಎಲ್ಲರೂ ಮರೆತಿದ್ದರು.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಸಂಸ್ಕೃತಿ ಅನ್ನುವುದು ಅತ್ತೆಗೆ ಮಾತ್ರ ಇದೆ, ನಾದಿನಿಗೆ ಇರುವುದು ವಿಜ್ಞಾನ ಅಂತ ನೀವು ಅಂದುಕೊಳ್ಳಬಾರದು. ಡಾಕ್ಟರ್‌ಗಳಿಗೂ ಊರಿನ ಅಭ್ಯಾಸ ಅಂಟಿರುತ್ತದೆ. 1960ರ ದಶಕದಲ್ಲಿ ನ್ಯೂಯಾರ್ಕಿನ ಆಸ್ಪತ್ರೆಗಳಲ್ಲಿ ಸ್ಕಿಜೋಫ್ರೀನಿಯಾ (ಇಲ್ಲದ ದನಿ ಕೇಳುವ, ಇಲ್ಲದ್ದನ್ನು ನಿಜ ಅಂತ ನಂಬುವ ತೀವ್ರ ಮನೋರೋಗ) ವಿಪರೀತ ಇದೆ, ಲಂಡನ್‌ನಲ್ಲಿ ಕಡಿಮೆ ಇದೆ ಅಂತ ಅಂಕಿಅಂಶ ಹೇಳುತ್ತಿತ್ತು. ಎರಡೂ ಕಡೆಯ ರೋಗಿಗಳನ್ನು ಒಂದೇ ಪ್ರಶ್ನಾವಳಿ, ಒಂದೇ ಮಾನದಂಡ ಇಟ್ಟುಕೊಂಡು ಪರೀಕ್ಷಿಸಿದಾಗ ಆ ವ್ಯತ್ಯಾಸ ಬಹುಪಾಲು ಮಾಯವಾಯಿತು. ವ್ಯತ್ಯಾಸ ಇದ್ದದ್ದು ಡಾಕ್ಟರ್‌ಗಳಲ್ಲಿ. ಸಲಿಂಗಕಾಮವನ್ನು ಅಮೆರಿಕದ ಮನೋವೈದ್ಯರ ಸಂಘ ಕಾಯಿಲೆಗಳ ಪಟ್ಟಿಯಿಂದ ತೆಗೆದಿದ್ದು 1973ರಲ್ಲಿ. ಅದಕ್ಕೆ ಹಿಂದಿನ ವರ್ಷದ ತನಕ ಅದೂ ‘ವಿಜ್ಞಾನ’ವೇ ಆಗಿತ್ತು.

ಹಾಗಾದರೆ ಕಾಯಿಲೆ ಅನ್ನುವುದೇ ಸುಳ್ಳಾ, ಎಲ್ಲ ಸಮಾಜ ಕಟ್ಟಿದ ಕಥೆಯಾ? ಹಾಗೆ ಹೇಳುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಸ್ಕಿಜೋಫ್ರೀನಿಯಾ, ತೀವ್ರ ಖಿನ್ನತೆ, ಉನ್ಮಾದ, ಇವು ಹುಡುಕಿದ ಎಲ್ಲಾ ಸಮಾಜಗಳಲ್ಲೂ ಸಿಕ್ಕಿವೆ. ನಿದ್ದೆ ಕೆಡುವುದು, ಹಸಿವು ಹೋಗುವುದು, ಯಾರೂ ಇಲ್ಲದಿದ್ದರೂ ದನಿ ಕೇಳುವುದು ಎಲ್ಲಾ ಕಡೆ ಇದೆ. ಅದರೊಳಗೆ ಏನು ತುಂಬಿಕೊಳ್ಳುತ್ತದೆ ಅನ್ನುವುದು ಬದಲಾಗುತ್ತದೆ.

ಇದಕ್ಕೆ ನನಗೆ ತುಂಬಾ ಇಷ್ಟವಾದ ಅಧ್ಯಯನ ತಾನ್ಯಾ ಲೂರ್‌ಮನ್ ಅವರದು. ಅವರು ಮಾನವಶಾಸ್ತ್ರಜ್ಞೆ. ಚೆನ್ನೈನ ಸ್ಕಾರ್ಫ್ ಅನ್ನುವ ಸ್ಕಿಜೋಫ್ರೀನಿಯಾ ಸಂಶೋಧನಾ ಸಂಸ್ಥೆಯ ಆರ್. ಪದ್ಮಾವತಿ ಅವರೂ ಜೊತೆಗಿದ್ದರು. ಕ್ಯಾಲಿಫೋರ್ನಿಯಾದ ಸ್ಯಾನ್ ಮಟೇಯೋ, ಘಾನಾದ ಆಕ್ರಾ, ನಮ್ಮ ಪಕ್ಕದ ಚೆನ್ನೈ, ಒಂದೊಂದು ಊರಿನಲ್ಲಿ ಇಪ್ಪತ್ತು ಜನರಂತೆ ದನಿ ಕೇಳಿಸುವ 60 ಜನರನ್ನು ಮಾತಾಡಿಸಿದರು. ಅಮೆರಿಕದವರಿಗೆ ಆ ದನಿಗಳು ಯಾರೋ ಅಪರಿಚಿತರು ತಲೆಯೊಳಗೆ ನುಗ್ಗಿದ ಹಾಗೆ. ಬಹಳ ಸಲ ಹಿಂಸೆಯ ಮಾತು. ಚೆನ್ನೈನಲ್ಲಿ 20ರಲ್ಲಿ 11 ಜನಕ್ಕೆ ಕೇಳುತ್ತಿದ್ದದ್ದು ಅಪ್ಪ, ಅಮ್ಮ, ಅತ್ತೆ, ಅಕ್ಕ, ಇಂಥ ಬಂಧುಗಳ ದನಿ. ಹೇಳುತ್ತಿದ್ದದ್ದು ಕೆಲಸ ಮಾಡು, ಅಡುಗೆ ಮಾಡು, ಸ್ನಾನ ಮಾಡು ಅಂತ! ಬೈಯುತ್ತಿದ್ದವು ಕೂಡ, ಮನೆಯವರು ಬೈಯುವ ಹಾಗೆ. ಆಕ್ರಾದಲ್ಲಿ ಅನೇಕರಿಗೆ ದೇವರ ದನಿ. ಅಲ್ಲಿ ಅರ್ಧದಷ್ಟು ಜನ ಇದು ಹೆಚ್ಚಾಗಿ ಒಳ್ಳೆಯ ಅನುಭವವೇ ಅಂದರು. ಅಮೆರಿಕದಲ್ಲಿ ಹಾಗೆ ಅಂದವರು ಒಬ್ಬರೂ ಇಲ್ಲ. ಇಷ್ಟು ಚಿಕ್ಕ ಸಂಖ್ಯೆಯಿಂದ ದೊಡ್ಡ ತೀರ್ಮಾನ ಮಾಡಬಾರದು, ನಿಜ. ಆದರೂ ನಮ್ಮ ವಾರ್ಡ್‌ಗಳಲ್ಲಿ ಕೆಲಸ ಮಾಡಿದವರು ಯಾರಾದರೂ ಚೆನ್ನೈನ ಉತ್ತರಗಳನ್ನು ಓದಿದರೆ ತಲೆದೂಗುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆಯ ಇನ್ನೊಂದು ಹಳೆಯ ಅಧ್ಯಯನದ ಬಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ನೀವು ಓದಿರಬಹುದು. 1960ರ ದಶಕದ ಕೊನೆಯಲ್ಲಿ ಒಂಬತ್ತು ದೇಶಗಳಲ್ಲಿ ಶುರುವಾಗಿದ್ದು. ಸ್ಕಿಜೋಫ್ರೀನಿಯಾ ರೋಗಿಗಳನ್ನು ಎರಡು ವರ್ಷ, ಐದು ವರ್ಷ ಕಳೆದು ನೋಡಿದಾಗ ಲಂಡನ್, ವಾಷಿಂಗ್ಟನ್‌ಗಿಂತ ನಮ್ಮ ಆಗ್ರಾ ಮತ್ತು ನೈಜೀರಿಯಾದ ಇಬಾದಾನ್‌ನಲ್ಲಿ ಹೆಚ್ಚು ಜನ ಚೇತರಿಸಿಕೊಂಡಿದ್ದರು. ಕೂಡು ಕುಟುಂಬ, ಹೊಲದ ಕೆಲಸ, ಸಹನೆ ಅಂತೆಲ್ಲ ಕಾರಣ ಕೊಟ್ಟರು. ಇದನ್ನು ಹಿಡಿದುಕೊಂಡು ‘ನಮ್ಮ ಸಂಸ್ಕೃತಿಯೇ ಔಷಧಿ’ ಅಂತ ಭಾಷಣ ಮಾಡುವವರನ್ನು ಕಂಡರೆ ನನಗೆ ಕಿರಿಕಿರಿ. ಆಮೇಲಿನ ಸಂಶೋಧಕರು ಆ ತೀರ್ಮಾನವನ್ನು ಪ್ರಶ್ನಿಸಿದ್ದಾರೆ. ಚಿಕಿತ್ಸೆಯೇ ಸಿಗದೆ ಮನೆಯ ಹಿಂದಿನ ಕೋಣೆಯಲ್ಲಿ ವರ್ಷಗಟ್ಟಲೆ ಕೂತವರು, ಮದುವೆ ಮುರಿದು ತವರಿಗೆ ಬಂದ ಹೆಂಗಸರು, ಬಸ್‌ಸ್ಟ್ಯಾಂಡಿನಲ್ಲಿ ಅಲೆಯುವವರು ಯಾವ ಲೆಕ್ಕಕ್ಕೆ ಸೇರಬೇಕು? ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಚಿಕಿತ್ಸೆ ಸಿಗದವರ ಪ್ರಮಾಣ ಬೇರೆ ಬೇರೆ ಕಾಯಿಲೆಗಳಲ್ಲಿ ಶೇ 70ರಿಂದ 92ರಷ್ಟಿತ್ತು. ಕುಟುಂಬದ ಆಸರೆ ದೊಡ್ಡದು, ಒಪ್ಪುತ್ತೇನೆ. ನಮ್ಮ ದೇಶದ ಎಷ್ಟೋ ಆಸ್ಪತ್ರೆಗಳಲ್ಲಿ ರೋಗಿಯ ಜೊತೆ ಮನೆಯವರು ವಾರ್ಡಿನಲ್ಲೇ ಉಳಿಯುತ್ತಾರೆ, ಪಶ್ಚಿಮದ ಡಾಕ್ಟರ್‌ಗಳಿಗೆ ಅದು ಆಶ್ಚರ್ಯ. ಆದರೆ ಆ ಆಸರೆ ಕೊಡುವವರು ಮನೆಯ ಸೊಸೆಯರು. ಅವರ ಬೆನ್ನು ನೋವಿನ ಬಗ್ಗೆ ಯಾರೂ ಅಧ್ಯಯನಕ್ಕೆ ಬರುವುದಿಲ್ಲ, ಅಲ್ವಾ?

ಈಗ ದೇವಸ್ಥಾನದ ವಿಷಯ. ನೀವು ಇದನ್ನು ಸ್ವಲ್ಪ ಹಿಂಜರಿಕೆಯಿಂದ ಬರೆದಿದ್ದೀರಿ, ನಾನು ಬೈಯುತ್ತೇನೆ ಅಂದುಕೊಂಡಿರಬಹುದು.

1970ರ ದಶಕದಲ್ಲಿ ಆರ್. ಎಲ್. ಕಪೂರ್ ಮತ್ತು ಮೋರಿಸ್ ಕಾರ್‌ಸ್ಟೇರ್ಸ್ ಕರಾವಳಿಯ ಕೋಟದಲ್ಲಿ ಒಂದು ದೊಡ್ಡ ಅಧ್ಯಯನ ಮಾಡಿದರು. ಬ್ರಾಹ್ಮಣರು, ಬಂಟರು, ಮೊಗವೀರರು, ಮೂರು ಸಮುದಾಯಗಳ ಮನೆಮನೆಗೆ ಹೋಗಿ ಮನಸ್ಸಿನ ತೊಂದರೆ ವಿಚಾರಿಸಿದರು. ಕಪೂರ್ ಆಮೇಲೆ ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದವರು. ಅಲ್ಲಿ ಜನ ತೊಂದರೆ ಬಂದಾಗ ಹೋಗುತ್ತಿದ್ದದ್ದು ವೈದ್ಯ, ಮಂತ್ರವಾದಿ, ದೈವ ಮೈಮೇಲೆ ಬರುವ ಪಾತ್ರಿ, ಇವರ ಹತ್ತಿರ. ಇಂಗ್ಲಿಷ್ ಔಷಧಿಯ ಡಾಕ್ಟರ್ ಹತ್ತಿರವೂ ಹೋಗುತ್ತಿದ್ದರು. ಒಬ್ಬರನ್ನು ನಂಬಿದರೆ ಇನ್ನೊಬ್ಬರನ್ನು ಬಿಡಬೇಕು ಅನ್ನುವ ಗೊಂದಲ ಓದಿದವರಾದ ನಮಗೆ ಇದ್ದಷ್ಟು ಅವರಿಗೆ ಇರಲಿಲ್ಲ. ‘ಯಾಕೆ ನನಗೇ ಬಂತು’ ಅನ್ನುವುದಕ್ಕೆ ಪಾತ್ರಿಯ ಹತ್ತಿರ ಉತ್ತರ ಸಿಗಬಹುದು. ನಿದ್ದೆ ಬರಿಸುವುದಕ್ಕೆ ಡಾಕ್ಟರ್. ಈಗಲೂ ನನ್ನ ಹತ್ತಿರ ಬರುವವರಲ್ಲಿ ಅನೇಕರ ಕೈಯಲ್ಲಿ ಕಟ್ಟಿದ ದಾರ ಇರುತ್ತದೆ. ನಾನು ಬಿಚ್ಚಿಸಲು ಹೋಗುವುದಿಲ್ಲ. ಯಾರು ಕಟ್ಟಿದರು, ಏನು ಹೇಳಿದರು ಅಂತ ಕೇಳುತ್ತೇನೆ. ಅಲ್ಲಿಂದಲೇ ಎಷ್ಟೋ ಸಲ ಅಸಲಿ ವಿಷಯ ಹೊರಗೆ ಬರುತ್ತದೆ: ಆಸ್ತಿ ಜಗಳ, ತೀರಿಹೋದ ಮಗು, ತೀರಿಸದ ಹರಕೆ.

ನಾನು ಮೊದಲು ಹೇಳಿದ ರಘುರಾಮ್ ಅವರೇ ತಮಿಳುನಾಡಿನ ಒಂದು ಮುತ್ತುಸ್ವಾಮಿ ದೇವಸ್ಥಾನಕ್ಕೆ ಹೋಗಿ, ಅಲ್ಲಿ ಉಳಿದುಕೊಂಡಿದ್ದ 31 ರೋಗಿಗಳನ್ನು ಗಮನಿಸಿದರು. ಹೆಚ್ಚಿನವರಿಗೆ ಸ್ಕಿಜೋಫ್ರೀನಿಯಾ. ಅಲ್ಲಿ ಔಷಧಿ ಇರಲಿಲ್ಲ. ವಿಶೇಷ ಮಂತ್ರ ತಂತ್ರವೂ ಇರಲಿಲ್ಲ. ಹೊಡೆತ ಇಲ್ಲ, ಬೈಗುಳ ಇಲ್ಲ. ಮನೆಯವರೊಬ್ಬರು ಜೊತೆಗಿರುತ್ತಿದ್ದರು. ಬೆಳಗಿನ ಪೂಜೆ, ಆವರಣ ಗುಡಿಸುವುದು, ಗಿಡಕ್ಕೆ ನೀರು ಹಾಕುವುದು. ಸರಾಸರಿ ಆರು ವಾರ ಇದ್ದು ಹೊರಡುವಾಗ ಅವರ ರೋಗಲಕ್ಷಣಗಳ ಅಂಕ ಸುಮಾರು ಶೇ 20ರಷ್ಟು ಇಳಿದಿತ್ತು. ಕೆಲವು ಔಷಧಿಗಳ ಪರೀಕ್ಷೆಯಲ್ಲೂ ಇಷ್ಟೇ ಇಳಿಯುತ್ತದೆ. 2002ರಲ್ಲಿ ಇದು ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದಾಗ ದೊಡ್ಡ ಚರ್ಚೆ ಆಯಿತು. ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ, ಹಾಗಾಗಿ ‘ದೇವಸ್ಥಾನ ಔಷಧಿಗೆ ಸಮ’ ಅಂತ ಹೇಳುವ ಹಾಗಿಲ್ಲ. ಬೈಯದ, ಕೂಡಿ ಹಾಕದ, ಏನಾದರೊಂದು ಕೆಲಸ ಕೊಡುವ ಜಾಗ ಮನುಷ್ಯನಿಗೆ ಒಳ್ಳೆಯದು ಅಂತ ಹೇಳಬಹುದು.

ಅದೇ ತಮಿಳುನಾಡಿನಲ್ಲಿ ಅದಕ್ಕೆ ಒಂದು ವರ್ಷ ಮುಂಚೆ ಏರ್ವಾಡಿ ದುರಂತ ನಡೆದಿತ್ತು. ರಾಮನಾಥಪುರಂ ಜಿಲ್ಲೆಯ ಏರ್ವಾಡಿ ದರ್ಗಾಕ್ಕೆ ಮನಸ್ಸಿನ ಕಾಯಿಲೆ ವಾಸಿಯಾಗಲಿ ಅಂತ ಬರುವವರನ್ನು ಇಟ್ಟುಕೊಳ್ಳಲು ಸುತ್ತಮುತ್ತ ಖಾಸಗಿ ಜಾಗಗಳು ಹುಟ್ಟಿಕೊಂಡಿದ್ದವು. 2001ರ ಆಗಸ್ಟ್ 6ರ ಬೆಳಗಿನ ಜಾವ ಅಂಥ ಒಂದು ಗುಡಿಸಲಿಗೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿದ್ದವರು ಓಡಲು ಆಗಲಿಲ್ಲ. 28 ಜನ ಸತ್ತರು. ಈಗ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ರೋಗಿಯನ್ನು ಯಾವುದೇ ರೀತಿಯಲ್ಲೂ ಸರಪಳಿಯಲ್ಲಿ ಕಟ್ಟುವ ಹಾಗಿಲ್ಲ.

ಹಾಗಾಗಿ ನನ್ನ ನಿಲುವು ಇಷ್ಟು. ದೇವಸ್ಥಾನವೋ ದರ್ಗಾವೋ ನನಗೆ ಮುಖ್ಯವಲ್ಲ. ಅಲ್ಲಿ ಹೊಡೆಯುತ್ತಾರಾ? ಕಟ್ಟುತ್ತಾರಾ? ಊಟ ನೀರು ಬಿಡಿಸುತ್ತಾರಾ? ಮಾತ್ರೆ ನಿಲ್ಲಿಸು ಅನ್ನುತ್ತಾರಾ? ಸಾವಿರಗಟ್ಟಲೆ ದುಡ್ಡು ಕೇಳುತ್ತಾರಾ? ಇವುಗಳಲ್ಲಿ ಒಂದು ಇದ್ದರೂ ಹೊರಟುಬನ್ನಿ. ಇಲ್ಲದಿದ್ದರೆ ಅತ್ತೆಯನ್ನು ಧಾರಾಳವಾಗಿ ಕರೆದುಕೊಂಡು ಹೋಗಿ. ಗುಜರಾತಿನ ಉನಾವಾದಲ್ಲಿ ಮೀರಾ ದಾತಾರ್ ದರ್ಗಾದ ಆವರಣದಲ್ಲೇ ಮನೋವೈದ್ಯರು ಕೂರುವ ವ್ಯವಸ್ಥೆ ಇದೆ. ‘ದವಾ-ದುವಾ’ ಅಂತ ಹೆಸರು. ಅಲ್ಲಿನ ಮುಜಾವರರೇ ಜನರನ್ನು ಡಾಕ್ಟರ್ ಹತ್ತಿರ ಕಳಿಸುತ್ತಾರೆ. ನಮ್ಮಲ್ಲೂ ಇಂಥದ್ದು ಇನ್ನೂ ಜಾಸ್ತಿ ಆಗಬೇಕು.

ಹೆಸರಿನ ವಿಷಯದಲ್ಲಿ ಜಿಂಬಾಬ್ವೆಯವರು ಮಾಡಿದ್ದು ನಿಮ್ಮ ಮನೆಗೂ ಅನ್ವಯಿಸುತ್ತದೆ. ಹರಾರೆಯಲ್ಲಿ 2006ರಲ್ಲಿ ಡಿಕ್ಸನ್ ಚಿಬಾಂಡಾ ಅನ್ನುವ ಮನೋವೈದ್ಯರು ಆರೋಗ್ಯ ಕೇಂದ್ರಗಳ ಹೊರಗೆ ಮರದ ಬೆಂಚು ಹಾಕಿಸಿ, ಅಲ್ಲಿನ ಅಜ್ಜಿಯರಿಗೆ ತರಬೇತಿ ಕೊಟ್ಟು ಕೂರಿಸಿದರು. ಮೊದಲು ಅದಕ್ಕೆ ಮಾನಸಿಕ ಆರೋಗ್ಯದ ಬೆಂಚು ಅಂತ ಹೆಸರಿತ್ತು, ಯಾರೂ ಬಂದು ಕೂರಲಿಲ್ಲ. ಅಜ್ಜಿಯರೇ ಹೇಳಿ ಸ್ನೇಹದ ಬೆಂಚು ಅಂತ ಬದಲಾಯಿಸಿದ ಮೇಲೆ ಜನ ಬಂದರು. ಅಜ್ಜಿಯರು ಡಿಪ್ರೆಶನ್ ಅನ್ನುವ ಮಾತನ್ನೇ ಎತ್ತುವುದಿಲ್ಲ. ‘ಯೋಚನೆ ಜಾಸ್ತಿ ಆಗಿದೆ’ ಅಂತಾರೆ. ನಮ್ಮ ಹಳ್ಳಿಗಳಲ್ಲೂ ಹಾಗೇ ತಾನೇ ಹೇಳುವುದು? 573 ಜನರ ಮೇಲೆ ಪರೀಕ್ಷೆ ಮಾಡಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಆರು ತಿಂಗಳ ನಂತರ ಬೆಂಚಿನ ಮೇಲೆ ಕೂತು ಮಾತಾಡಿದವರಲ್ಲಿ ಖಿನ್ನತೆ ಬಹಳ ಕಡಿಮೆ ಇತ್ತು. ಜಪಾನಿನಲ್ಲಿ ಔಷಧಿ ಕಂಪನಿಗಳೂ ಇದನ್ನೇ ಮಾಡಿದವು. 2000ದ ಆಸುಪಾಸಿನಲ್ಲಿ ಖಿನ್ನತೆಯನ್ನು ‘ಮನಸ್ಸಿನ ನೆಗಡಿ’ ಅಂತ ಜಾಹೀರಾತು ಮಾಡಿದರು. ನಾಚಿಕೆ ಕಡಿಮೆಯಾಯಿತು, ಮಾತ್ರೆಯ ಮಾರಾಟ ವಿಪರೀತ ಏರಿತು. ನೆಗಡಿ ವಾರದಲ್ಲಿ ತಾನೇ ಹೋಗುತ್ತದೆ, ಇದು ಹೋಗುವುದಿಲ್ಲ ಅನ್ನುವುದನ್ನು ಜಾಹೀರಾತು ಹೇಳಲಿಲ್ಲ.

ಇನ್ನು ನಿಮ್ಮ ಮನೆಗೆ ಬರೋಣ. ಅತ್ತೆಯ ಮುಂದೆ ಡಿಪ್ರೆಶನ್ ಅನ್ನುವ ಮಾತು ಸದ್ಯಕ್ಕೆ ಬೇಡ, ನಾದಿನಿಗೂ ಹೇಳಿ. ಅವರು ಹೇಳುವ ಉರಿ, ನಿದ್ದೆಯಿಂದಲೇ ಶುರು ಮಾಡಿ. ಯಾವ ಹೊತ್ತಲ್ಲಿ ಜಾಸ್ತಿ? ಬೆಳಗಿನ ಜಾವ ಎಚ್ಚರ ಆಗುತ್ತಾ? ಆಗ ಏನು ಯೋಚನೆ ಬರುತ್ತೆ? ಇದು ಯಾಕೆ ಬಂತು ಅಂತ ನಿಮಗನ್ನಿಸುತ್ತೆ ಅತ್ತೆ? ಹೀಗೆ ಕೇಳಿ. ಇದು ನನ್ನ ಸ್ವಂತ ಉಪಾಯವೇನಲ್ಲ. ಅಮೆರಿಕದ ರೋಗಪಟ್ಟಿಯ 2013ರ ಆವೃತ್ತಿಯಲ್ಲೇ ಇಂಥ 16 ಪ್ರಶ್ನೆಗಳನ್ನು ಸೇರಿಸಿದ್ದಾರೆ, ನಾದಿನಿ ಬೇಕಾದರೆ ನೋಡಲಿ. ಅವಳು ಬಹುಶಃ ನೋಡಿರುವುದು ಒಂಬತ್ತು ಪ್ರಶ್ನೆಗಳ ಇನ್ನೊಂದು ಪಟ್ಟಿ, ಫೋನಿನಲ್ಲೂ ಸಿಗುತ್ತದೆ. ಅದರಲ್ಲಿ ನಿದ್ದೆ, ಸುಸ್ತು, ಹಸಿವು ಇದೆ. ಮೈ ಉರಿ ಅನ್ನುವ ಸಾಲು ಇಲ್ಲ.

ಮಾವ ಹೋದ ಮೇಲೆ ಅತ್ತೆಯ ದಿನಚರಿಯಲ್ಲಿ ಏನೇನು ಕಳೆದುಹೋಯಿತು ಅಂತಲೂ ಗಮನಿಸಿ. ಬೆಳಗ್ಗೆ ಕಾಫಿ ಮಾಡಿಕೊಡೋಣ ಅಂದರೆ ಮಾವ ಇಲ್ಲ. ಅಕ್ಕಪಕ್ಕದವರು ಅರಿಶಿನ ಕುಂಕುಮಕ್ಕೆ ಕರೆಯುವುದಿಲ್ಲ. ಮದುವೆ ಮನೆಯಲ್ಲಿ ಹಿಂದೆ ಕೂರಬೇಕು. ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಹೇಳಿದರೆ ‘ಎಲ್ಲಾ ವಿಧವೆಯರಿಗೂ ಇದೇ ತಾನೇ’ ಅಂತಾರೆ. ಮುಂದಿನ ಹಬ್ಬಕ್ಕೆ ನೀವೇ ಕುಂಕುಮ ಕೊಟ್ಟು ನೋಡಿ. ಬೇಡ ಅಂದರೆ ಒತ್ತಾಯ ಬೇಡ, ಆದರೆ ಕೊಡಿ.

ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುವಾಗ ಸುಳ್ಳು ಹೇಳಬೇಡಿ. ‘ನಿದ್ದೆಗೆ, ಉರಿಗೆ ಔಷಧಿ ಕೊಡುತ್ತಾರೆ, ಮಾವ ಹೋದ ದುಃಖಕ್ಕೂ ಮೈಗೂ ಸಂಬಂಧ ಇರುತ್ತಂತೆ’ ಅಂದರೆ ಸಾಕು, ಅದು ನಿಜವೂ ಹೌದು. ಖಿನ್ನತೆಯ ಕೆಲವು ಮಾತ್ರೆಗಳು ನೋವು, ಉರಿಯನ್ನೂ ತಗ್ಗಿಸುತ್ತವೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಇರುತ್ತಾರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಹೆಸರಿನಲ್ಲಿ ಮಂಗಳವಾರದ ಕ್ಲಿನಿಕ್ ನಡೆಯುತ್ತದೆ, ನಿಮ್ಮ ತಾಲ್ಲೂಕಿನಲ್ಲಿ ತಿಂಗಳ ಯಾವ ಮಂಗಳವಾರ ಅಂತ ವಿಚಾರಿಸಿ. ಅತ್ತೆ ಒಪ್ಪದಿದ್ದರೆ ಮೊದಲು ನೀವೊಬ್ಬರೇ 14416ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರದ ಟೆಲಿ-ಮನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ದಯವಿಟ್ಟು ಕಾಫಿಯಲ್ಲಿ ಮಾತ್ರೆ ಕರಗಿಸಿ ಕೊಡುವ ಕೆಲಸ ಮಾತ್ರ ಮಾಡಬೇಡಿ. ಒಂದಲ್ಲ ಒಂದು ದಿನ ಗೊತ್ತಾಗುತ್ತದೆ, ಆಮೇಲೆ ಅವರು ನಿಮ್ಮ ಕೈಯಿಂದ ಊಟವನ್ನೂ ಮಾಡುವುದಿಲ್ಲ.

ಮಾತ್ರೆ ಶುರು ಮಾಡಿದರೆ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳೆಸಿದ ಹಾಗೆ ಆಗಬಹುದು. ಸರಿಹೋದ ಮೇಲೂ ಸುಮಾರು ಆರು ತಿಂಗಳು ಮುಂದುವರಿಸಬೇಕಾಗುತ್ತದೆ, ಡಾಕ್ಟರ್ ಹೇಳದೆ ನಿಲ್ಲಿಸಬಾರದು. ಹರಕೆ ಇದ್ದರೆ ತೀರಿಸಲಿ, ಉಪವಾಸದ ದಿನ ಮಾತ್ರೆ ತಪ್ಪದಿರಲಿ. ಅವರು ‘ನಾನಿದ್ದು ಏನು ಮಾಡಬೇಕು, ಅವರ ಹಿಂದೆಯೇ ಹೋಗಬೇಕಿತ್ತು’ ಅನ್ನುತ್ತಿದ್ದರೆ, ಅಥವಾ ಊಟ ನೀರು ಪೂರ್ತಿ ಬಿಟ್ಟರೆ, ಮಂಗಳವಾರದ ತನಕ ಕಾಯಬೇಡಿ. ಒಬ್ಬರೇ ಮಲಗಲು ಬಿಡದೆ, ಅಂದೇ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮನೆಯಲ್ಲಿ ಬೆಳೆಗೆ ಹೊಡೆಯುವ ಔಷಧಿ ಇದ್ದರೆ ಇವತ್ತೇ ಅದನ್ನು ಬೇರೆಯವರ ಮನೆಗೆ ಸಾಗಿಸಿಬಿಡಿ.